ಬೆಲೆಬಾಳುವ ಹೆಡ್‌ಫೋನು ತಲೆಯನ್ನೇಕೆ ನೋಯಿಸುತ್ತದೆ?

ರಾಮನಾಥಪುರದಲ್ಲಿ ಕಾವೇರಿಯ ಸೋಪಾನಗಳನ್ನೇರಿ ತುಂಬಿದ ಕೊಡವನ್ನು ಹೊತ್ತು ತರುತ್ತಿದ್ದ ಹೆಂಗಸರು ಕೊಡದ ಕೆಳಗೆ ಬಟ್ಟೆಯ ಸಿಂಬಿಯನ್ನಿಡಲು ಮರೆಯುತ್ತಿರಲಿಲ್ಲ. ಸಿಂಬಿಯಿಂದ ನೀರಿನ ಭಾರವೇನೂ ಕಡಿಮೆಯಾಗದು. ಅದು ಹೆಚ್ಚು ವಿಸ್ತೀರ್ಣದ ಮೇಲೆ ಹರಡುತ್ತದೆ, ಅಷ್ಟೆ. ಬಲವು ಅಷ್ಟೇ ಇದ್ದು ಒತ್ತಡವು ತಗ್ಗುತ್ತದೆ. ಈ ಸರಳ ತತ್ತ್ವವನ್ನು ಮರೆತ ಹೆಡ್‌ಫೋನುಗಳೂ ಇಂದು ಲಕ್ಷ ರೂಪಾಯಿಗಳಿಗೆ ಮಾರಾಟವಾಗುತ್ತಿವೆಯೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು.

ದುಬಾರಿಯಾದದ್ದು ಭಾರವಾಗಿರುವುದೇಕೆ? ಸಾಮಾನ್ಯ ಹೆಡ್‌ಫೋನಿನಲ್ಲಿ ತೆಳುವಾದ ಪಟಲಕ್ಕೆ ಅಂಟಿಸಿದ ಸಣ್ಣ ತಂತಿಸುರುಳಿಯು ಒಂದು ಪುಟ್ಟ ಅಯಸ್ಕಾಂತದ ಕ್ಷೇತ್ರದಲ್ಲಿ ಕಂಪಿಸುತ್ತದೆ. ಮೇಲ್ದರ್ಜೆಯ ಒಂದು ಬಗೆಯಲ್ಲಾದರೋ ಪಟಲದ ಮೇಲೆಲ್ಲ ವಾಹಕದ ಗೆರೆಗಳಿದ್ದು, ಅದರುದ್ದಕ್ಕೂ ಅಯಸ್ಕಾಂತಗಳ ಸಾಲುಗಳಿರುತ್ತವೆ. ಪಟಲದ ಪ್ರತಿಯೊಂದು ಭಾಗವನ್ನೂ ಬಲವು ಒಂದೇ ಸಮನಾಗಿ ತಳ್ಳುವುದರಿಂದ ನಾದವು ಕೆಡುವುದು ಕಡಿಮೆ. ಆದರೆ ಅಷ್ಟು ಅಯಸ್ಕಾಂತಗಳನ್ನು ಹೊರಬೇಕಾದುದು ನಮ್ಮ ತಲೆ!

ಇಂತಹ ೫೦೦ ಗ್ರಾಂ ತೂಕದ ಸಾಧನವೊಂದರ ತಲೆಪಟ್ಟಿಯು ನೆತ್ತಿಯನ್ನು ೧೦ ಚದರ ಸೆಂಟಿಮೀಟರಿನಷ್ಟು ಮಾತ್ರ ಮುಟ್ಟುವುದೆಂದು ಭಾವಿಸೋಣ. ಭಾರವೆಲ್ಲ ಅಲ್ಲಿಯೇ ಬಿದ್ದರೆ ಒಂದು ಚದರ ಸೆಂಟಿಮೀಟರಿಗೆ ೫೦ ಗ್ರಾಂ ಆಯಿತು. ಚರ್ಮದ ಲೋಮನಾಳಗಳಲ್ಲಿ ರಕ್ತದ ಒತ್ತಡವು ಸುಮಾರು ೩೦ ಮಿಲಿಮೀಟರ್ ಪಾದರಸದಷ್ಟು, ಅಂದರೆ ಚದರ ಸೆಂಟಿಮೀಟರಿಗೆ ೪೦ ಗ್ರಾಂ. ಹೊರಗಿನ ಒತ್ತಡವು ಇದನ್ನು ಮೀರಿದಲ್ಲಿ ರಕ್ತಸಂಚಾರವು ಕುಂಠಿತವಾಗಿ, ಅರ್ಧ ಗಂಟೆಯೊಳಗಾಗಿ ನೆತ್ತಿಯು ನೋಯತೊಡಗಿದರೆ ಅಚ್ಚರಿಯಿಲ್ಲ. ೫೦ ಚದರ ಸೆಂಟಿಮೀಟರು ಅಗಲವಾಗಿ ಹರಡುವ ಮೆತ್ತನೆಯ ಪಟ್ಟಿಯಿದ್ದರೆ ಒತ್ತಡವು ೧೦ ಗ್ರಾಂಗೆ ಇಳಿಯುತ್ತದೆ. ಇದು ಸಿಂಬಿಯ ಲೆಕ್ಕವೇ.

ಕಿವಿಯ ಮೆತ್ತೆಗಳ ಬಿಗಿತವನ್ನು ಮಾತ್ರ ಹೀಗೆ ಸುಲಭವಾಗಿ ಸಡಿಲಿಸಲಾಗದು. ಹಿಂಬದಿ ಮುಚ್ಚಿದ ಹೆಡ್‌ಫೋನಿನಲ್ಲಿ ಮೆತ್ತೆಗೂ ಕೆನ್ನೆಗೂ ನಡುವೆ ಸಂದುಬಿಟ್ಟರೆ ಮಂದ್ರಧ್ವನಿಯು ಸೋರಿಹೋಗುತ್ತದೆ. ಅಲ್ಲಿ ವಾಯುವಿನ ಒತ್ತಡವು ನಿಧಾನವಾಗಿ ಬದಲಾಗುವುದರಿಂದ ಸಂದಿನಿಂದ ಹೊರಬೀಳಲು ಸಾಕಷ್ಟು ಕಾಲ ದೊರೆಯುತ್ತದೆ. ತಾರಧ್ವನಿಯ ಕ್ಷಿಪ್ರ ಕಂಪನಗಳಿಗೆ ಅಷ್ಟು ಕಾಲ ದೊರೆಯದು. ಸಮೀಪದ ರುದ್ರಪಟ್ಟಣದಲ್ಲಿ ೧೯೨೦ರಲ್ಲಿ ಜನಿಸಿದ ವಿದ್ವಾನ್ ಆರ್. ಕೆ. ಶ್ರೀಕಂಠನ್ ಅವರ ಕಚೇರಿಯನ್ನು ಕೇಳುವಾಗ ಗಾಯನವು ಸರಿಯಾಗಿದ್ದು ಮೃದಂಗದ ಎಡಗೈ ನಾದ ಮಾತ್ರ ಬಡವಾಗಿದ್ದರೆ, ದೋಷವು ಮೃದಂಗದ್ದಲ್ಲ. ಕನ್ನಡಕಧಾರಿಗಳಿಗಂತೂ ಕಡ್ಡಿಯು ಕಿವಿಯ ಹಿಂದೆ ಒತ್ತುವುದಲ್ಲದೆ ಸಂದನ್ನೂ ಮಾಡಿಕೊಡುತ್ತದೆ. ಜರ್ಮನಿಯ ಸೆನ್‌ಹೈಸರ್ ಸಂಸ್ಥೆಯು ೧೯೬೮ರಲ್ಲಿ ಹೊರತಂದ ಹೆಚ್‌ಡಿ ೪೧೪ ಎಂಬುದು ಹಿಂಬದಿ ತೆರೆದ, ಹಗುರವಾದ, ಸ್ಪಂಜಿನ ಮೆತ್ತೆಯ ಹೆಡ್‌ಫೋನು. ಅದು ಕಿವಿಗೆ ಬೆವರು ಬರಿಸುತ್ತಿರಲಿಲ್ಲ. ಆದರೆ ತೆರೆದ ಬಗೆಯಲ್ಲಿ ಪಕ್ಕದವರಿಗೂ ಸಂಗೀತ ಕೇಳಿಸುತ್ತದೆ.

ಇನ್ನು ಬಾಳಿಕೆ. ನಾವು ಹಣ ತೆರುವುದು ಪಟಲಕ್ಕೆ. ಮೊದಲು ಕೆಡುವುದು ಬಹುಮಟ್ಟಿಗೆ ತಂತಿ ಮತ್ತು ಮೆತ್ತೆ. ಒಂದು ಮಿಲಿಮೀಟರು ದಪ್ಪದ ತಾಮ್ರದ ತಂತಿಯನ್ನು ೧೦ ಮಿಲಿಮೀಟರು ತ್ರಿಜ್ಯಕ್ಕೆ ಬಾಗಿಸಿದರೆ ಹೊರಮೈ ಶೇಕಡಾ ೫ರಷ್ಟು ಹಿಗ್ಗುತ್ತದೆ. ಅದರ ಇಪ್ಪತ್ತನೆಯ ಒಂದು ಪಾಲು ದಪ್ಪದ ಎಳೆಯಲ್ಲಿ ಹಿಗ್ಗುವುದು ಶೇಕಡಾ ೦.೨೫ ಮಾತ್ರ. ಆದುದರಿಂದಲೇ ತಂತಿಯನ್ನು ಸಣ್ಣ ಎಳೆಗಳಿಂದ ಹೊಸೆಯುತ್ತಾರೆ. ಆದರೆ ಗಡುಸಾದ ಪಿನ್ನಿನ ಬುಡದಲ್ಲಿ ಬಾಗು ಎರಡು ಮಿಲಿಮೀಟರಿಗೆ ಕಿರಿದಾದರೆ ಹಿಗ್ಗುವಿಕೆಯು ಐದು ಪಟ್ಟಾಗುತ್ತದೆ. ಪದೇ ಪದೇ ಬಾಗಿ ಲೋಹವು ದಣಿದು ಅಲ್ಲಿಯೇ ತುಂಡಾಗುತ್ತದೆ.

ಮೆತ್ತೆಯ ಕೃತಕ ಚರ್ಮವು ಬಹುಸಲ ಪಾಲಿಯುರಿಥೇನ್. ಅದರ ಕೆಲವು ಬಗೆಗಳಲ್ಲಿ ಗಾಳಿಯ ತೇವಾಂಶವು ಅಣುಸರಪಳಿಗಳನ್ನು ಕತ್ತರಿಸುತ್ತಾ ಬರುತ್ತದೆ. ಮಳೆಗಾಲದ ತೇವ ಮತ್ತು ಬೆವರು ಈ ಕಾರ್ಯವನ್ನು ತ್ವರೆಗೊಳಿಸುತ್ತವೆ. ಬಳಸದೆ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟ ಮೆತ್ತೆಯೂ ಕೆಲವು ವರ್ಷಗಳಲ್ಲಿ ಕರಿಯ ಹೊಟ್ಟಿನಂತೆ ಉದುರುವುದುಂಟು.

ಆದಕಾರಣ ವಿದ್ಯಾರ್ಥಿಯು ಕೂಡಿಟ್ಟ ಹಣವನ್ನು ತೆರುವ ಮುನ್ನ ಸಾಧನವನ್ನು ಐದು ನಿಮಿಷವಲ್ಲ, ಸಾಧ್ಯವಾದರೆ ಒಂದು ಗಂಟೆ ಧರಿಸಿ ನೋಡಲಿ. ಮೆತ್ತೆಯನ್ನು ಕೈಯಿಂದ ಕಳಚಬಹುದೇ, ತಂತಿಯನ್ನು ಬೇರ್ಪಡಿಸಬಹುದೇ ಎಂದು ವಿಚಾರಿಸಲಿ. ತುಂಡಾದ ತಂತಿಗೆ ಸಣ್ಣ ಊರಿನ ರೇಡಿಯೋ ದುರಸ್ತಿಗಾರನೂ ಬೆಸುಗೆ ಹಾಕಿಕೊಡಬಲ್ಲನು; ಅಂಟಿನಿಂದ ಮುಚ್ಚಿಬಿಟ್ಟ ಬಟ್ಟಲನ್ನು ಒಡೆಯದೆ ತೆರೆಯುವುದು ಅವನಿಗೂ ಕಷ್ಟ.