ಮಳೆನೀರಿನ ಲೆಕ್ಕ

೨೦೧೯ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ತುಂಗೆಯು ದಡಮೀರಿ ಶಿವಮೊಗ್ಗೆಯ ತಗ್ಗಿನ ಬಡಾವಣೆಗಳನ್ನು ಹೊಕ್ಕುದನ್ನು ಈ ಪ್ರಾಂತದ ಮಹಾಜನರು ಮರೆತಿರಲಾರರು. ಲಕ್ಕವಳ್ಳಿಯ ಅಣೆಕಟ್ಟಿನಿಂದ ನೀರು ಅಧಿಕವಾಗಿ ಹೊರಟಾಗಲೆಲ್ಲ ಭದ್ರಾವತಿಯ ಕವಲಗುಂದಿಯವರಿಗೆ ನಿದ್ರೆಯಿಲ್ಲ. ಇಂತಹ ಸಂದರ್ಭಗಳಲ್ಲಿ ನಾವು ನದಿಯನ್ನು ದೂರಿ ಸುಮ್ಮನಾಗುತ್ತೇವೆ. ನದಿಯು ತನ್ನ ಪಾತ್ರದೊಳಗೇ ಇರುವ ದಿನಗಳಲ್ಲಿಯೂ ಒಂದು ಗಂಟೆಯ ಬಿರುಮಳೆಗೆ ಬೀದಿಗಳು ಹಳ್ಳಗಳಾಗುವುದಕ್ಕೆ ಯಾರನ್ನು ದೂರಬೇಕು?

ಒಂದು ಹೆಕ್ಟೇರು ನೆಲದ ಮೇಲೆ ೫೦ ಮಿಲಿಮೀಟರು ಮಳೆ ಸುರಿದರೆ ಬೀಳುವ ನೀರು ೫ ಲಕ್ಷ ಲೀಟರು. ಅಲ್ಲಿ ತೋಟವೋ ಗದ್ದೆಯೋ ಇದ್ದಾಗ ಅದರ ಬಹುಭಾಗವು ಅಲ್ಲಿಯೇ ನಿಂತು ಇಂಗುತ್ತಿದ್ದಿತು. ತಾರಸಿಯೂ ಕಾಂಕ್ರೀಟು ರಸ್ತೆಯೂ ಆದ ಮೇಲೆ ಬಹುಮಟ್ಟಿಗೆ ಎಲ್ಲವೂ ಏಕಕಾಲದಲ್ಲಿ ಚರಂಡಿಗೆ ಓಡುತ್ತದೆ. ಚರಂಡಿಯಾದರೋ ಗದ್ದೆಯಿದ್ದ ಕಾಲದ್ದು.

ಈ ಓಟವನ್ನು ಮುಂಚಿತವಾಗಿ ಗಣಿಸಿ ತೋರಿಸುವ ವಿದ್ಯೆಯು ಹೊಸದಲ್ಲ. ಅಮೆರಿಕಾ ದೇಶದಲ್ಲಿ ೧೯೭೧ರಲ್ಲಿಯೇ ಇದಕ್ಕೆಂದು ಗಣಕಯಂತ್ರದ ಕ್ರಮವಿಧಿಯೊಂದು ಸಿದ್ಧವಾಯಿತು. ಅದನ್ನು ಇಂದು ಯಾರಾದರೂ ಕಾಸು ಕೊಡದೆ ಪಡೆಯಬಹುದು. ಊರನ್ನು ಸಣ್ಣ ಸಣ್ಣ ಪ್ರದೇಶಗಳಾಗಿ ವಿಂಗಡಿಸಿ, ಒಂದೊಂದರ ಇಳಿಜಾರು, ನೀರು ಇಂಗುವ ನೆಲದ ಪ್ರಮಾಣ, ಚರಂಡಿಯ ಅಗಲ ಮತ್ತು ಆಳಗಳನ್ನು ಒದಗಿಸಿದರೆ, ಇಷ್ಟು ಮಳೆಗೆ ಇಂತಹ ತಿರುವಿನಲ್ಲಿ ಇಷ್ಟು ಹೊತ್ತಿಗೆ ನೀರು ಉಕ್ಕುವುದೆಂದು ಯಂತ್ರವು ಲೆಕ್ಕ ಒಪ್ಪಿಸುತ್ತದೆ. ಬೆಂಗಳೂರಿಗೆ ಇಂತಹ ಮಾದರಿಯನ್ನು ಭಾರತೀಯ ವಿಜ್ಞಾನ ಸಂಸ್ಥೆಯವರೂ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರೂ ಕೂಡಿ ರಚಿಸಿದ್ದಾರೆ.

ಆದರೆ ಬೆಂಗಳೂರಿನ ಲೆಕ್ಕವನ್ನು ಹಾಗೆಯೇ ಇಲ್ಲಿಗೆ ಹೊಂದಿಸಲಾಗದು. ಅದು ದಿಣ್ಣೆಯ ಮೇಲಿನ ಊರು, ದೊಡ್ಡ ನದಿಯಿಲ್ಲ. ನಮ್ಮಲ್ಲಿಯಾದರೋ ಗಾಜನೂರಿನಿಂದ ಹರಿದುಬಂದ ನೀರಿನಿಂದ ತುಂಗೆಯ ಮಟ್ಟವು ಚರಂಡಿಗಳ ಬಾಯಿಗಿಂತ ಮೇಲೇರಿದರೆ, ಊರಿನ ನೀರು ಹೊರಹೋಗಲು ದಾರಿ ಕಾಣದೆ ಹಿಂದಕ್ಕೆ ಒತ್ತುವುದು. ಆಗ ಚರಂಡಿಯನ್ನು ಎಷ್ಟು ಅಗಲ ಮಾಡಿದ್ದರೂ ಫಲವಿಲ್ಲ. ಭದ್ರೆಯ ದಡದ ಭದ್ರಾವತಿಗೂ ಈ ಮಾತು ಸಲ್ಲುವುದು. ಆದುದರಿಂದ ಮಳೆ, ಚರಂಡಿ, ನಾಲೆ, ಅಣೆಕಟ್ಟು ಇವೆಲ್ಲವೂ ಒಂದೇ ಲೆಕ್ಕದಲ್ಲಿ ಸೇರತಕ್ಕದ್ದು. ಅಣೆಕಟ್ಟಿನ ಅಧಿಕಾರಿಗಳು ಒಬ್ಬರು, ಚರಂಡಿಯ ಅಧಿಕಾರಿಗಳು ಇನ್ನೊಬ್ಬರು, ಕಷ್ಟವಿರುವುದು ಇಲ್ಲಿಯೇ.

ಶಿವಮೊಗ್ಗೆಯು ೨೦೧೬ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ಊರು. ಗಣಕಯಂತ್ರಗಳಿಗೆ ಬರವಿರಲಾರದು. ಆದರೆ ಕಾಗದದಲ್ಲಿ ನಾಲ್ಕಡಿಯೆಂದಿರುವ ಚರಂಡಿಯು ಸ್ಥಳದಲ್ಲಿ ಹೂಳು ತುಂಬಿ ಎರಡಡಿಯಾಗಿದ್ದರೆ, ಯಂತ್ರವು ಆ ಸುಳ್ಳನ್ನೇ ಗುಣಿಸಿ ಕೊಡುವುದು. ಬರುವ ಬೇಸಗೆಯಲ್ಲಿ ಮಹಾನಗರಪಾಲಿಕೆಯವರೂ ಭದ್ರಾವತಿಯ ನಗರಸಭೆಯವರೂ ಪ್ರತಿಯೊಂದು ಚರಂಡಿಯನ್ನು ಸ್ಥಳದಲ್ಲಿಯೇ ಅಳೆಯಿಸಿ, ಆ ಪಟ್ಟಿಯನ್ನು ಪೌರರ ಮುಂದಿಡಬೇಕೆಂದು ಕೋರುತ್ತೇವೆ. ಅಳತೆ ತಪ್ಪಿದ್ದಲ್ಲಿ ಆಯಾ ಬೀದಿಯವರೇ ತಿದ್ದಿಕೊಡುವರು.