ವಸ್ತ್ರವಿನ್ಯಾಸಕಿಯ ದಿನಚರಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ—ಈ ಊರುಗಳ ಸುತ್ತಣ ಹೊಲಗಳಲ್ಲಿ ಹಿಪ್ಪುನೇರಳೆ ಬೆಳೆಯುತ್ತದೆ; ರೈತರ ಮನೆಗಳಲ್ಲಿ ರೇಷ್ಮೆಹುಳುಗಳು ಗೂಡು ಕಟ್ಟುತ್ತವೆ. ಗೂಡುಗಳು ರಾಮನಗರದ ಮಾರುಕಟ್ಟೆಯಲ್ಲಿ ಹರಾಜಾಗಿ ನೂಲು ಬಿಚ್ಚುವವರ ಬಿಸಿನೀರಿನ ತೊಟ್ಟಿಯನ್ನು ಸೇರುತ್ತವೆ. ಆ ನೂಲಿಗೆ ಬಣ್ಣವನ್ನೂ ರೂಪವನ್ನೂ ಕೊಡುವವಳು ವಸ್ತ್ರವಿನ್ಯಾಸಕಿ. ಆಕೆಗೆ ಕಲ್ಪನೆಯೊಂದಿದ್ದರೆ ಸಾಕೆಂದು ನಾವು ಭಾವಿಸುವುದುಂಟು. ಆದರೆ ಆಕೆಯ ಕಾರ್ಯಾಗಾರದಲ್ಲಿ ಕುಂಚದಷ್ಟೇ ಮುಖ್ಯವಾದ ಇನ್ನೊಂದು ಉಪಕರಣವಿರಬೇಕು. ಅದು ದಿನಚರಿ ಪುಸ್ತಕ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಹೋದ ವರ್ಷದ ಕೆಂಪು ಸೀರೆಯಂಥದೇ ಮತ್ತಷ್ಟು ಸೀರೆಗಳು ಬೇಕೆಂದು ವ್ಯಾಪಾರಿ ಕೇಳಿದ್ದಾನೆ. ದಿನಚರಿಯಲ್ಲಿ ‘ನೂಲು 1 ಕಿಲೋಗ್ರಾಂ, ಬಣ್ಣ ನೂರಕ್ಕೆ 2’ ಎಂದಷ್ಟೇ ಬರೆದಿದೆ. ವಿನ್ಯಾಸಕಿ ಅದರಂತೆ 1 ಕಿಲೋಗ್ರಾಂ ಕಚ್ಚಾ ನೂಲನ್ನು ತೂಗಿ, 20 ಗ್ರಾಂ ಬಣ್ಣವನ್ನು ಕರಗಿಸಿದಳು. ನೂಲು ಕಡುಗೆಂಪಾಗಿಬಿಟ್ಟಿತು! ತಪ್ಪೆಲ್ಲಿ?

ರೇಷ್ಮೆಯ ಎಳೆಯಲ್ಲಿ ಮುಖ್ಯವಾಗಿ ಎರಡು ಪ್ರೋಟೀನುಗಳಿವೆ: ಒಳಗಿನ ತಿರುಳು ಫೈಬ್ರಾಯಿನ್, ಅದನ್ನು ಕವಿದಿರುವ ಅಂಟು ಸೆರಿಸಿನ್. ಬಣ್ಣ ಹಾಕುವ ಮೊದಲು ನೂಲನ್ನು ಸಾಬೂನಿನ ನೀರಿನಲ್ಲಿ ಕಾಯಿಸಿ ಈ ಅಂಟನ್ನು ತೆಗೆಯುತ್ತಾರೆ. ಆಗ ತೂಕದ ಸುಮಾರು ಕಾಲುಭಾಗ ಕಳೆದುಹೋಗುತ್ತದೆ. 1000 ಗ್ರಾಂ ನೂಲು 750 ಗ್ರಾಂ ಆಯಿತೆನ್ನೋಣ. ಅದಕ್ಕೆ ಬೇಕಾದ ಬಣ್ಣ 15 ಗ್ರಾಂ ಮಾತ್ರ. ಹಾಕಿದ್ದು ಅದಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚು. ‘ಅಂಟು ತೆಗೆದ ಮೇಲಿನ ತೂಕ’ ಎಂಬ ನಾಲ್ಕು ಮಾತುಗಳು ದಿನಚರಿಯಲ್ಲಿ ಇಲ್ಲದ್ದರಿಂದ ಒಂದು ದಿನದ ದುಡಿಮೆಯೂ ಒಂದು ಕಿಲೋಗ್ರಾಂ ರೇಷ್ಮೆಯೂ ಹಾಳಾದವು.

ಗಾಳಿಯ ತೇವವನ್ನೂ ಮರೆಯುವಂತಿಲ್ಲ. ಪೂರ್ಣವಾಗಿ ಒಣಗಿಸಿದ 100 ಗ್ರಾಂ ರೇಷ್ಮೆಗೆ 11 ಗ್ರಾಂ ತೇವವೆಂಬುದು ವ್ಯಾಪಾರದಲ್ಲಿ ಅಂಗೀಕೃತವಾದ ಲೆಕ್ಕ. ಮಳೆಗಾಲದಲ್ಲಿ ತೂಗಿದ ಲಡಿಗೂ ಬೇಸಗೆಯಲ್ಲಿ ತೂಗಿದ ಲಡಿಗೂ ವ್ಯತ್ಯಾಸ ಬರುವುದು ಸಹಜ.

ಇನ್ನು ಬಣ್ಣವನ್ನು ಯಾವ ಬೆಳಕಿನಲ್ಲಿ ನೋಡಿದ್ದು? ತಂತಿ ಕಾಯ್ದು ಬೆಳಗುವ ಹಳೆಯ ಬಗೆಯ ದೀಪದ ಬೆಳಕಿನಲ್ಲಿ ಕೆಂಪು ಹೆಚ್ಚು, ನೀಲಿ ಕಡಿಮೆ. ಬೇರೆ ಬೇರೆ ಬಣ್ಣಗಳ ಮಿಶ್ರಣದಿಂದ ಸಿದ್ಧವಾದ ಎರಡು ಲಡಿಗಳು ಆ ದೀಪದಡಿ ಒಂದೇ ಆಗಿ ತೋರಿ, ಹಗಲಿನಲ್ಲಿ ಬೇರೆಯಾಗಿ ಕಾಣಬಹುದು.

ನೆರೆಯ ಬಣ್ಣವೂ ಕಣ್ಣನ್ನು ವಂಚಿಸುತ್ತದೆ. 1824ರಲ್ಲಿ ಪ್ಯಾರಿಸಿನ ಗೊಬೆಲಿನ್ ಕಾರ್ಖಾನೆಯ ಬಣ್ಣಗಾರಿಕೆಯ ಮುಖ್ಯಸ್ಥನಾದ ರಸಾಯನವಿಜ್ಞಾನಿ ಶೆವ್ರಲ್‌ಗೆ, ಅಲ್ಲಿನ ಕಪ್ಪು ನೂಲಿನಲ್ಲಿ ಕಸುವಿಲ್ಲವೆಂಬ ದೂರು ಬಂದಿತು. ಪರೀಕ್ಷಿಸಿದಾಗ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆಗಳು ಕಪ್ಪನ್ನು ಮಂಕಾಗಿ ತೋರಿಸುತ್ತಿದ್ದುವು. ಈ ವಿಷಯವಾಗಿ ಆತನ ಗ್ರಂಥ 1839ರಲ್ಲಿ ಪ್ರಕಟವಾಯಿತು. ಆದುದರಿಂದ ಅಂಚಿನ ಬಣ್ಣವನ್ನು ಬರೆಯುವಾಗ ಒಡಲಿನ ಬಣ್ಣವನ್ನೂ ಬರೆಯಬೇಕು. ಜೊತೆಗೆ ನೂಲಿನ ತುಣುಕೊಂದನ್ನು ಅಂಟಿಸಿಡುವುದು ಇನ್ನೂ ಮೇಲು.

ಪ್ರಯೋಗಶಾಲೆಯಲ್ಲಿ ಬರಿಯ ಸಂಖ್ಯೆಯನ್ನು ಬರೆದು, ಅದನ್ನು ಯಾವ ಉಷ್ಣತೆಯಲ್ಲಿ, ಯಾವ ಸಾಧನದಿಂದ ಪಡೆದುದೆಂಬುದನ್ನು ಬಿಟ್ಟುಬಿಡುವ ವಿದ್ಯಾರ್ಥಿಗಳು ಅನೇಕರು. ‘ನೆನಪಿದೆ’ ಎನ್ನುತ್ತಾರೆ. ನೆನಪು ಒಂದು ವಾರ ಉಳಿದೀತು. ಸೀರೆಗೆ ಬೇಡಿಕೆ ಬರುವುದು ಒಂದು ವರ್ಷದ ಮೇಲೆ. ಇನ್ನೊಬ್ಬರು ಓದಿ ಅದೇ ಕೆಲಸವನ್ನು ಅದೇ ರೀತಿ ಮಾಡಬಲ್ಲರಾದರೆ ಮಾತ್ರ ಅದು ದಾಖಲೆ. ಬಣ್ಣದ ತೊಟ್ಟಿಗೂ ಭೌತವಿಜ್ಞಾನದ ಮೇಜಿಗೂ ಈ ನಿಯಮ ಒಂದೇ.