ಭಾರವಿಲ್ಲದ ಬ್ಯಾಕ್ಟೀರಿಯ ಮತ್ತು ಮದ್ದಿನ ಬಲ

ಮಳೆಗಾಲದಲ್ಲಿ ಜಮಖಂಡಿಯ ಬಳಿ ಹರಿಯುವ ಕೃಷ್ಣೆಯ ನೀರನ್ನಾಗಲಿ ಮುಧೋಳದ ಘಟಪ್ರಭೆಯ ನೀರನ್ನಾಗಲಿ ಕೊಡದಲ್ಲಿ ತುಂಬಿಟ್ಟರೆ, ಕೆಲವು ತಾಸುಗಳಲ್ಲಿ ರಾಡಿಯು ತಳಕ್ಕಿಳಿದು ತಿಳಿನೀರು ಮೇಲೆ ನಿಲ್ಲುವುದು. ಇದು ಗುರುತ್ವಾಕರ್ಷಣದ ಕೆಲಸ. ಅದೇ ನೀರನ್ನು ಗಾಳಿಗೆ ಎಡೆಯಿಲ್ಲದಂತೆ ಸೀಸೆಯಲ್ಲಿ ತುಂಬಿ, ಬಿರಡೆ ಹಾಕಿ, ಅಡ್ಡಲಾಗಿ ಮಲಗಿಸಿ ಮೆಲ್ಲನೆ ಒಂದೇ ಸಮನೆ ತಿರುಗಿಸುತ್ತಿದ್ದರೆ ಏನಾಗುವುದು? ನವಿರಾದ ಮಣ್ಣಿನ ಕಣಕ್ಕೆ ತಳವೆಂಬುದೇ ದೊರೆಯದು. ಅದು ಕೆಳಗಿಳಿಯುವಷ್ಟರಲ್ಲಿ ಕೆಳಗಿದ್ದ ಬದಿಯೇ ಮೇಲಕ್ಕೆ ಬಂದಿರುವುದು.

ಅಮೆರಿಕದ ನಾಸಾ ಸಂಸ್ಥೆಯು ರೂಪಿಸಿದ ತಿರುಗುಪಾತ್ರೆಯಲ್ಲಿರುವುದು ಇದೇ ತತ್ತ್ವ. ಇಲ್ಲಿ ಗುರುತ್ವವು ಅಳಿಯುವುದಿಲ್ಲ. ಅದರ ದಿಕ್ಕು ಕಣದ ಪಾಲಿಗೆ ಸುತ್ತುತ್ತಲೇ ಇರುವುದರಿಂದ ಪರಿಣಾಮವು ಸರಾಸರಿಯಲ್ಲಿ ಅಳಿಸಿಹೋಗುವುದು. ಆಕಾಶನಿಲ್ದಾಣದಲ್ಲಿಯೂ ಗುರುತ್ವವಿಲ್ಲವೆಂದು ತಿಳಿಯಬಾರದು. 400 ಕಿಲೋಮೀಟರ್ ಎತ್ತರದಲ್ಲಿ ನೆಲದ ಮೇಲಿನದರಲ್ಲಿ ಶೇಕಡ 89ರಷ್ಟು ಗುರುತ್ವವಿದ್ದೇ ಇರುವುದು. ನಿಲ್ದಾಣವೂ ಅದರೊಳಗಿನ ವಸ್ತುಗಳೂ ಒಟ್ಟಿಗೆ ಬೀಳುತ್ತಿರುವುದರಿಂದ ಭಾರವು ತೋರುವುದಿಲ್ಲ.

ಒಂದು ಮೈಕ್ರಾನ್ ಅಗಲದ ಬ್ಯಾಕ್ಟೀರಿಯವು ನಿಶ್ಚಲ ನೀರಿನಲ್ಲಿ ತಾಸಿಗೆ ಸುಮಾರು 0.2 ಮಿಲಿಮೀಟರ್ ಮಾತ್ರ ಇಳಿಯುವುದೆಂದು ಸ್ಟೋಕ್ಸನ ಸೂತ್ರದಿಂದ ಲೆಕ್ಕ ಹಾಕಬಹುದು. ಇಷ್ಟು ಹಗುರ ಜೀವಿಗೆ ಭಾರವಿದ್ದರೇನು, ಇಲ್ಲದಿದ್ದರೇನು? ಬದಲಾಗುವುದು ಅದರ ನೆರೆಹೊರೆ. ಬಿಸಿದ್ರವ ಏರಿ ತಣ್ಣನೆಯದು ಇಳಿಯುವ ಚಲನೆ ನಿಂತುಹೋಗುವುದು. ಆಹಾರವು ಬಳಿಗೆ ಬರುವುದೂ ಕಶ್ಮಲವು ದೂರ ಸರಿಯುವುದೂ ಹೆಚ್ಚಾಗಿ ವಿಸರಣದಿಂದಲೇ ಆಗಬೇಕು.

1982ರಲ್ಲಿ ಸಲ್ಯೂತ್-7 ನಿಲ್ದಾಣದಲ್ಲಿ ಫ್ರೆಂಚ್ ವಿಜ್ಞಾನಿಗಳ ಪ್ರಯೋಗವೊಂದು ನಡೆಯಿತು. ನೆಲದ ಮೇಲೆ ಬ್ಯಾಕ್ಟೀರಿಯಗಳನ್ನು ತಡೆಯಲು ಸಾಕಾಗುತ್ತಿದ್ದ ಪ್ರತಿಜೀವಕದ ಪ್ರಮಾಣವು ಅಲ್ಲಿ ಸಾಲದಾಯಿತು. ಈ ಶಕ್ತಿಯು ತಾತ್ಕಾಲಿಕವೋ, ವಂಶಕ್ಕೆ ಇಳಿಯುವಂಥದೋ?

ಹ್ಯೂಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಇ. ಕೋಲಿ ಬ್ಯಾಕ್ಟೀರಿಯವನ್ನು ತಿರುಗುಪಾತ್ರೆಯಲ್ಲಿ 1000 ಪೀಳಿಗೆಗಳವರೆಗೆ ಬೆಳೆಸಿದರು. ಒಂದು ಪ್ರಯೋಗದಲ್ಲಿ ಪಾತ್ರೆಯನ್ನು ಹಬೆಯಿಂದಲೂ ಇನ್ನೊಂದರಲ್ಲಿ ಕ್ಲೋರಾಂಫೆನಿಕಾಲ್ ಎಂಬ ಪ್ರತಿಜೀವಕದಿಂದಲೂ ಶುದ್ಧಿಗೊಳಿಸಿದರು. 2019ರಲ್ಲಿ ಪ್ರಕಟವಾದ ಫಲಿತಾಂಶವು ವಿಚಾರಾರ್ಹವಾದುದು. ಹಬೆಯ ಪ್ರಯೋಗದಲ್ಲಿ ಸ್ಥಿರವಾದ ನಿರೋಧಶಕ್ತಿ ಕಾಣಲಿಲ್ಲ. ಮದ್ದಿನ ಲೇಶವು ಸೋಂಕಿದ ವಂಶವು ಅದನ್ನು ಗಳಿಸಿತು. ಸಾಮಾನ್ಯ ಸ್ಥಿತಿಗೆ ಮರಳಿ 110 ಪೀಳಿಗೆಗಳು ಕಳೆದ ಮೇಲೂ ಅದು ಪೂರ್ತಿಯಾಗಿ ಅಳಿಯಲಿಲ್ಲ. ಆದುದರಿಂದ ದೋಷವನ್ನೆಲ್ಲ ಭಾರರಹಿತ ಸ್ಥಿತಿಯ ಮೇಲೆಯೇ ಹೊರಿಸಲಾಗದು.

ನಮ್ಮ ನಾಡಿಗೂ ಈ ಚಿಂತನೆ ದೂರದ್ದಲ್ಲ. 2025ರಲ್ಲಿ ಶುಭಾಂಶು ಶುಕ್ಲಾ ಅವರು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಯೋಜಿಸಿದ್ದ ಹೆಸರು, ಮೆಂತ್ಯಗಳ ಮೊಳಕೆಯ ಪ್ರಯೋಗವನ್ನು ಆಕಾಶನಿಲ್ದಾಣದಲ್ಲಿ ನಡೆಸಿದರು. ಆ ಬೀಜಗಳೊಡನಿರುವ ಸೂಕ್ಷ್ಮಜೀವಿಗಳ ಪರೀಕ್ಷೆಯೂ ಆ ಯೋಜನೆಯಲ್ಲಿ ಸೇರಿತ್ತು. ಬಹುದೂರದ ಯಾತ್ರೆಯಲ್ಲಿ ಯಾತ್ರಿಕನು ಕಾಯಿಲೆ ಬಿದ್ದರೆ, ಪೆಟ್ಟಿಗೆಯಲ್ಲಿರುವ ಮದ್ದು ನಾಟಲೇಬೇಕಲ್ಲವೆ?

ಆದರೆ ಮದ್ದಿನ ಲೇಶವು ಬ್ಯಾಕ್ಟೀರಿಯಕ್ಕೆ ಪಾಠ ಕಲಿಸಲು ಆಕಾಶವೇ ಬೇಕಿಲ್ಲ. ಬೀಳಗಿಯಲ್ಲಿರಲಿ, ರಬಕವಿ-ಬನಹಟ್ಟಿಯಲ್ಲಿರಲಿ, ವೈರಸ್ಸಿನಿಂದ ಬಂದ ನೆಗಡಿಗೆ ಪ್ರತಿಜೀವಕವನ್ನು ನುಂಗುವುದು, ಉಳಿದ ಗುಳಿಗೆಯನ್ನು ನೆರೆಯವರಿಗೆ ಕೊಡುವುದು, ವೈದ್ಯರನ್ನು ಕೇಳದೆ ನಡುವೆ ನಿಲ್ಲಿಸುವುದು, ಇವೆಲ್ಲವೂ ಅದೇ ಪಾಠಶಾಲೆಗಳು. ಅವುಗಳನ್ನು ಮುಚ್ಚುವುದು ನಮ್ಮ ಕೈಯಲ್ಲಿದೆ.